ಒಂದು ಗ್ಯಾಲಕ್ಸಿ, ಮೂರು ಹೆಸರು

ನಿಮ್ಮ ಮನೆಯ ಮಗುವಿಗೆ ಎಷ್ಟು ಹೆಸರುಗಳಿವೆ, ಲೆಕ್ಕ ಹಾಕಿದ್ದೀರಾ? ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು, ಅಜ್ಜಿಯ ಬಾಯಲ್ಲಿ ಇನ್ನೊಂದು. ಸುಮಾರು 4.5 ಕೋಟಿ ಜ್ಯೋತಿರ್ವರ್ಷಗಳಾಚೆ ಇರುವ ಒಂದು ಗ್ಯಾಲಕ್ಸಿಗೂ ಹೀಗೆಯೇ ಹಲವು ಹೆಸರುಗಳಿವೆ: ಎನ್‌ಜಿಸಿ 1097, ಆರ್ಪ್ 77, ಕಾಲ್ಡ್‌ವೆಲ್ 67.

1790ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲ್ ಇದನ್ನು ಮೊದಲು ಕಂಡರು. ಅಲ್ಲಿಂದ ನೋಡಿದರೆ ಇದು ದಿಗಂತದಿಂದ ಎಂಟು ಡಿಗ್ರಿಯಷ್ಟೇ ಮೇಲೇರುತ್ತದೆ. ಆ ವರ್ಷಗಳಲ್ಲಿ ಹರ್ಷೆಲ್ ದೂರದರ್ಶಕದ ಬಳಿ ನಿಂತು ಕೂಗಿ ಹೇಳಿದ್ದನ್ನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದವರು ಅವರ ತಂಗಿ ಕ್ಯಾರೊಲಿನ್. ಹಗಲು ಅದನ್ನೆಲ್ಲ ಲೆಕ್ಕ ಮಾಡಿ ಶುದ್ಧಪ್ರತಿ ತೆಗೆಯುವ ಕೆಲಸವೂ ಅವರದೇ. ಅಣ್ಣ ತೀರಿಕೊಂಡ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅಣ್ಣ ಕಂಡ ಸುಮಾರು 2,500 ನೀಹಾರಿಕೆಗಳನ್ನು ಅವರು ಹೊಸದಾಗಿ ಕ್ರಮಪಡಿಸಿ ಅಣ್ಣನ ಮಗ ಜಾನ್‌ಗೆ ಕೊಟ್ಟರು. ಆ ಪಟ್ಟಿ ಅಚ್ಚಾಗಲಿಲ್ಲ. ಆದರೆ ಜಾನ್ ಮತ್ತೆ ಆಕಾಶ ಶೋಧಿಸಿದ್ದು ಅದನ್ನು ಮುಂದಿಟ್ಟುಕೊಂಡೇ. 1828ರಲ್ಲಿ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ ಕ್ಯಾರೊಲಿನ್‌ಗೆ ಚಿನ್ನದ ಪದಕ ನೀಡಿತು. ಜಾನ್ ಮಾಡಿದ ಪಟ್ಟಿಯನ್ನು ವಿಸ್ತರಿಸಿ ಡ್ರೇಯರ್ 1888ರಲ್ಲಿ 7,840 ಕಾಯಗಳ ಎನ್‌ಜಿಸಿಯನ್ನು ಹೊರತಂದರು. ಹೆಸರು ಡ್ರೇಯರ್‌ದು, ಸರಿ. ಆದರೆ ತಳಪಾಯದಲ್ಲಿ ಆ ಮುದುಕಿಯ ಕೈಬರಹವಿದೆ.

ಎರಡನೆಯ ಹೆಸರು ಬೇರೆ ಕಾರಣಕ್ಕೆ ಬಂತು. ಹಾಲ್ಟನ್ ಆರ್ಪ್ 1966ರಲ್ಲಿ ಆಕಾರ ಕೆಟ್ಟಂತೆ ಕಾಣುವ 338 'ವಿಲಕ್ಷಣ' ಗ್ಯಾಲಕ್ಸಿಗಳ ಚಿತ್ರಸಂಪುಟ ಪ್ರಕಟಿಸಿದರು. ಅದರಲ್ಲಿ ಇದು 77ನೆಯದು. ವಿಲಕ್ಷಣ ಎಂದ ಕೂಡಲೇ ಬಿಸಾಡಬೇಕಾದದ್ದು ಎಂದುಕೊಳ್ಳಬೇಡಿ. ಸುರುಳಿ ಹೇಗೆ ಮೂಡುತ್ತದೆ, ಹೇಗೆ ಬಾಗುತ್ತದೆ ಎಂದು ತಿಳಿಯಲು ಆರ್ಪ್‌ಗೆ ಬೇಕಾಗಿದ್ದದ್ದು ಇಂಥವೇ. ಈ ಗ್ಯಾಲಕ್ಸಿಯ ಪಕ್ಕದಲ್ಲೊಂದು ಪುಟ್ಟ ಮೊಟ್ಟೆಯಾಕಾರದ ಗ್ಯಾಲಕ್ಸಿ ಇದೆ. ಇದರ ಕೇಂದ್ರದಿಂದ ಅದು ಸುಮಾರು 42,000 ಜ್ಯೋತಿರ್ವರ್ಷ ದೂರ. ಅದರ ಸೆಳೆತಕ್ಕೆ ದೊಡ್ಡದರ ಸುರುಳಿ ತೋಳು ಬಾಗಿದೆ. ನಡುವೆ ಹಾದುಹೋಗುವ ನಕ್ಷತ್ರಗಳ ಪಟ್ಟಿಯ ಮೂಲಕ ಅನಿಲವು ಒಳಗೆ ಹರಿದು, ಸುಮಾರು 5,000 ಜ್ಯೋತಿರ್ವರ್ಷ ಅಗಲದ ಬಳೆಯಾಗಿದೆ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಟ್ಟನಡುವಿನ ಕಪ್ಪುಕುಳಿಯ ತೂಕ ಸುಮಾರು 14 ಕೋಟಿ ಸೂರ್ಯರಷ್ಟು!

ಮೂರನೆಯದು 1995ರ, ಹವ್ಯಾಸಿಗಳಿಗಾಗಿ ಪ್ಯಾಟ್ರಿಕ್ ಮೂರ್ ಮಾಡಿದ 109 ಕಾಯಗಳ ಪಟ್ಟಿ. 'ಎಂ' ಅಕ್ಷರವನ್ನು ಮೆಸಿಯೆ ಆಗಲೇ ಬಳಸಿದ್ದರಿಂದ ಮೂರ್ ತಮ್ಮ ಇನ್ನೊಂದು ಉಪನಾಮ ಕಾಲ್ಡ್‌ವೆಲ್ ಅನ್ನು ಅದಕ್ಕಿಟ್ಟರು. ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಆದ್ದರಿಂದ 67 ಎಂದರೆ ದಕ್ಷಿಣದ ಆಕಾಶದಲ್ಲಿ ಹುಡುಕಬೇಕು ಎಂದರ್ಥ.

ನಮಗೆ ಅದು ಅನುಕೂಲವೇ. ಡಿಸೆಂಬರ್ ಮಧ್ಯದ ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನ ದಕ್ಷಿಣ ದಿಗಂತದಿಂದ ಸುಮಾರು 47 ಡಿಗ್ರಿ ಎತ್ತರದಲ್ಲಿ ಇದು ಇರುತ್ತದೆ. ಬರಿಗಣ್ಣಿಗೆ ಕಾಣದು. ಮಕ್ಕಳ ಶಾಲೆಯಲ್ಲಿ ದೂರದರ್ಶಕವಿದ್ದರೆ, ದೀಪಗಳಿಲ್ಲದ ಕಡೆ ಒಯ್ದು ನೋಡಲು ಹೇಳಿ. ಮಸುಕಾದ ಒಂದು ಚುಕ್ಕೆ, ಅಷ್ಟೇ. ಹರ್ಷೆಲ್‌ಗೆ ಸಿಕ್ಕಿದ್ದೂ ಒಂದು ಮಸುಕೇ.