ಮೆಣಸಿನ ಬಾಕಿಗೆ ಮೂರು ವರ್ಷ, ಮುರಿದ ಕಾಲಿಗೆ ಆರು ತಿಂಗಳು

ಸಕಲೇಶಪುರದ ವರ್ತಕನೊಬ್ಬನು ಕಾಳುಮೆಣಸನ್ನು ಕಡವಾಗಿ ಮಾರಿದರೆ, ಬಾಕಿ ವಸೂಲಿಯ ದಾವೆ ಹೂಡಲು 1963ರ ಕಾಲಪರಿಮಿತಿ ಅಧಿನಿಯಮವು ಆತನಿಗೆ ಮೂರು ವರ್ಷಗಳ ಅವಕಾಶ ನೀಡುತ್ತದೆ. ಆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಅಂದಿನಿಂದ ಮತ್ತೆ ಮೂರು ವರ್ಷ. ಅದೇ ವರ್ತಕನಿಗೆ ಶಿರಾಡಿ ಘಾಟಿಯ ದಾರಿಯಲ್ಲಿ, ದೋಣಿಗಾಲ್ ಬಳಿ, ಟ್ಯಾಂಕರೊಂದು ಡಿಕ್ಕಿ ಹೊಡೆದು ಕಾಲು ಮುರಿದರೆ, ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮಿನಂತೆ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸತಕ್ಕದ್ದು. ಸರಕಿಗೆ ಇರುವ ಸಹನೆ ಶರೀರಕ್ಕೆ ಇಲ್ಲದಿರುವುದು ಯಾವ ನ್ಯಾಯವೆಂಬುದು ತಿಳಿಯದು.

ಈ ಮಿತಿ ಹೊಸದೇನಲ್ಲ. 1988ರ ಮೂಲ ಕಾಯ್ದೆಯಲ್ಲಿಯೂ ಆರು ತಿಂಗಳ ಅವಧಿಯೇ ಇದ್ದು, ಸಕಾರಣವಿದ್ದರೆ ಹನ್ನೆರಡು ತಿಂಗಳವರೆಗೆ ಅರ್ಜಿ ಸ್ವೀಕರಿಸುವ ಅಧಿಕಾರ ನ್ಯಾಯಮಂಡಳಿಗಿತ್ತು. ಅಷ್ಟೂ ಸಾಲದೆಂದು ಕಂಡು 1994ರ ತಿದ್ದುಪಡಿಯಲ್ಲಿ ಮಿತಿಯನ್ನೇ ಕೈಬಿಡಲಾಯಿತು. 2019ರ ತಿದ್ದುಪಡಿ ಅದನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಆದರೆ ವಿಳಂಬ ಮನ್ನಿಸುವ ಹಳೆಯ ವಾಕ್ಯ ಮಾತ್ರ ಮರಳಿ ಬರಲಿಲ್ಲ. ಜಿಎಸ್‌ಟಿ ಮೇಲ್ಮನವಿಗೆ ಕೂಡ ಮೂರು ತಿಂಗಳ ಮೇಲೆ ಒಂದು ತಿಂಗಳ ರಿಯಾಯಿತಿ ಇರುವಾಗ, ಆಸ್ಪತ್ರೆಯಲ್ಲಿ ಮಲಗಿದವನಿಗೆ ಕಾಯ್ದೆಯ ಮಾತಿನಲ್ಲಿ ಒಂದು ದಿನದ ರಿಯಾಯಿತಿಯೂ ಇಲ್ಲ.

ಸಕಲೇಶಪುರ, ಆಲೂರು ಭಾಗದಲ್ಲಿ ಆರು ತಿಂಗಳೆಂದರೆ ಏನೆಂಬುದನ್ನು ಗಮನಿಸಬೇಕು. ಡಿಸೆಂಬರಿನ ಕಾಫಿ ಕೊಯ್ಲಿನಲ್ಲಿ ಕೂಲಿಯವರನ್ನು ಸಾಗಿಸುತ್ತಿದ್ದ ವಾಹನ ಮಗುಚಿತೆನ್ನೋಣ. ಗಾಯಾಳು ಮೊದಲು ಹಾಸನಕ್ಕೆ, ಅಲ್ಲಿಂದ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾನೆ. ಮೂಳೆಗೆ ರಾಡು ಹಾಕಿಸಿಕೊಂಡು ಊರು ಸೇರಿ, ಕೋಲು ಹಿಡಿದು ಅಂಗಳದಲ್ಲಿ ನಡೆಯುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಜೂನ್ ಬಂದಿತೆಂದರೆ ಅವಧಿಯೂ ಮುಗಿಯಿತು. ಅಸ್ಸಾಮಿನಿಂದ ಬಂದ ಕೂಲಿಯವನು ಅಷ್ಟರೊಳಗೆ ತನ್ನ ಊರಿಗೆ ಹೊರಟುಹೋಗಿರುತ್ತಾನೆ. ತಾನು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲೇ ಅರ್ಜಿ ಸಲ್ಲಿಸಬಹುದೆಂದು ಅವನಿಗೆ ಹೇಳುವವರಾರು?

ಪೊಲೀಸರು ಮೂರು ತಿಂಗಳೊಳಗೆ ಅಪಘಾತ ಮಾಹಿತಿ ವರದಿಯನ್ನು ಸಲ್ಲಿಸಬೇಕು, ಆ ವರದಿಯನ್ನೇ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬೇಕು ಎಂದು ಕಾಯ್ದೆಯಲ್ಲಿಯೇ ಇದೆ. ಇದು ತಪ್ಪದೆ ನಡೆದರೆ ಮಿತಿಯ ಕಾಠಿಣ್ಯ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಗಾಯಾಳುವಿನ ಹಕ್ಕು ಠಾಣೆಯ ಕಡತದ ವೇಗವನ್ನು ನೆಚ್ಚಿಕೊಂಡಿರುವುದು ಸರಿಯಲ್ಲ.

ವಾಹನ ಮಾಲೀಕರಾದ ವರ್ತಕರಲ್ಲಿ ಕೆಲವರಿಗೆ ಈ ಮಿತಿ ಹಿತವೆನಿಸಬಹುದು. ಏಳೆಂಟು ವರ್ಷಗಳ ನಂತರ ಬರುವ ಅರ್ಜಿಗೆ ಸಾಕ್ಷಿ ಒದಗಿಸುವುದು ಕಷ್ಟ, ಸುಳ್ಳು ಅರ್ಜಿಗಳಿಗೂ ದಾರಿಯಾಗುತ್ತದೆ ಎಂಬ ಅವರ ಮಾತಿನಲ್ಲಿ ಹುರುಳಿದೆ. ಹಾಗೆಂದು ಆರು ತಿಂಗಳೇ ಆಗಬೇಕಿಲ್ಲ. ಯಂತ್ರಕ್ಕೆ ಕೈ ಸಿಕ್ಕಿದ ಕಾರ್ಮಿಕನಿಗೆ 1923ರ ನಷ್ಟಪರಿಹಾರ ಕಾಯ್ದೆಯು ಎರಡು ವರ್ಷ ನೀಡಿತ್ತು, ಸಕಾರಣವಿದ್ದರೆ ವಿಳಂಬವನ್ನೂ ಮನ್ನಿಸುತ್ತಿತ್ತು. ಅದೇ ಅಳತೆಯನ್ನು ರಸ್ತೆಗೂ ಅನ್ವಯಿಸಿದರೆ ಮಾಲೀಕನಿಗೂ ಗಾಯಾಳುವಿಗೂ ಅನ್ಯಾಯವಾಗದು. ವಾಣಿಜ್ಯ ಸಂಸ್ಥೆಗಳು ಕೇಂದ್ರ ಸರಕಾರಕ್ಕೆ ಬಜೆಟ್‌ಪೂರ್ವ ಮನವಿ ಸಲ್ಲಿಸುವಾಗ ತೆರಿಗೆಯ ಜೊತೆಗೆ ಈ ವಿಷಯವನ್ನೂ ಸೇರಿಸುವುದು ಯುಕ್ತ.

ತಿದ್ದುಪಡಿಯ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದೆ ಬಂದಿದ್ದು, ಕಾಲಮಿತಿ ಮೀರಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಮಧ್ಯಂತರ ಆದೇಶವನ್ನು ನಂಬಿ ಕಾಯುವುದು ಜಾಣತನವಲ್ಲ. ಚಿಕಿತ್ಸೆಯೆಲ್ಲ ಮುಗಿದು ಒಟ್ಟು ಖರ್ಚು ತಿಳಿಯಲೆಂದು ಅರ್ಜಿಯನ್ನು ತಡೆಹಿಡಿಯುವ ಅಗತ್ಯವೂ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚಿನ ಪರಿಹಾರವನ್ನು ನ್ಯಾಯಮಂಡಳಿ ನೀಡಬಹುದೆಂದು 2002ರ ನಾಗಪ್ಪ ವಿರುದ್ಧ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಫ್‌ಐಆರ್ ಪ್ರತಿ ಮತ್ತು ಗಾಯದ ಪ್ರಮಾಣಪತ್ರವಿದ್ದರೆ ಅರ್ಜಿ ಹಾಕಬಹುದು. ಆದಾಯ ತೆರಿಗೆ ವಿವರಣೆಗಳು, ಜಿಎಸ್‌ಟಿ ರಿಟರ್ನುಗಳು, ಅಂಗಡಿ ಮುಚ್ಚಿದ್ದ ತಿಂಗಳುಗಳ ಲೆಕ್ಕ ಇವನ್ನೆಲ್ಲ ವಿಚಾರಣೆಯ ಹಂತದಲ್ಲಿ ಹಾಜರುಪಡಿಸಿದರಾಯಿತು.