ನೆಲ ನೋಡದೆ ಕಾರು ಎತ್ತುವವರಿಗೆ

ಕಳೆದ ಮಾಘ ಮಾಸದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯಿತು. ಊಟವಾದ ಮೇಲೆ ಬಂಧುಗಳೊಬ್ಬರು ಕೈ ತೊಳೆಯುವ ನೆಪದಲ್ಲಿ ಹಿಂದಿನ ಹಟ್ಟಿಯವರೆಗೆ ಹೋಗಿ ಬಂದರು. ಚಾವಡಿಯಲ್ಲಿ ವೀಳ್ಯದ ಹರಿವಾಣದ ಮುಂದೆ ಕುಳಿತು, ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾರಿಗೂ ಈಗ ಮಂಚ ಬಂತು! ಇದೆಲ್ಲ ಉಳ್ಳವರ ಶೋಕಿ ಮಾಷ್ಟ್ರೇ. ಕಾರಿನ ಅಡಿಗೆ ನುಗ್ಗುವುದಕ್ಕೆ ಗ್ಯಾರೇಜಿನ ಹುಡುಗರಿಲ್ಲವೇ?" ಇದ್ದವರೆಲ್ಲ ನಕ್ಕರು. ಅತಿಥಿಗಳ ಮರ್ಯಾದೆಗೆ ಕಟ್ಟುಬಿದ್ದು ನಾನು ಅಡಿಕೆ ಜಗಿಯುತ್ತ ಸುಮ್ಮನಿದ್ದೆ. ಅಂದು ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಸ್ವಂತ ಕಾರು, ಸ್ವಂತ ಶೆಡ್ಡು ಉಳ್ಳವರು, ಅವರೂ ಓದಲಿ.

ಸಂಗತಿ ತಿಳಿಯದವರಿಗಾಗಿ ಎರಡು ಮಾತು. ನನ್ನ ಸೋದರಳಿಯ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತಿಂಗಳಿಗೊಮ್ಮೆ ಲಾಯಿಲಕ್ಕೆ ಬರುತ್ತಾನೆ. ತನ್ನ ತಂದೆಯ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ತಾನೇ ಬಿಚ್ಚಿ ಕಟ್ಟುವ ಹುಚ್ಚು ಅವನಿಗೆ. ಪಕ್ಕದ ಧರ್ಮಸ್ಥಳದಲ್ಲಿ ಸಾಲಾಗಿ ನಿಲ್ಲಿಸಿದ ಹಳೆಯ ಕಾರುಗಳನ್ನು ನೋಡಿ ಬೆಳೆದ ಮಕ್ಕಳಿಗೆ ಇಂಥ ಹುಚ್ಚು ಹಿಡಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ದನಗಳನ್ನು ಕೊಟ್ಟ ಮೇಲೆ ಬರಿದಾಗಿದ್ದ ಹಟ್ಟಿಯೇ ಅವನ ಗ್ಯಾರೇಜು. ಅಲ್ಲಿಗೆ ಅವನು ತಂದದ್ದು ಎತ್ತಿಕೊಂಡು ಹೋಗಬಹುದಾದ ಲಿಫ್ಟು: ಕಬ್ಬಿಣದ ಎರಡು ಉದ್ದನೆಯ ಚೌಕಟ್ಟುಗಳು, ಅವುಗಳಿಗೆ ಎಣ್ಣೆಯ ಕೊಳವೆಗಳು, ಎಣ್ಣೆಯನ್ನು ತಳ್ಳಲು ಒಂದು ವಿದ್ಯುತ್ ಪಂಪು. ಚೌಕಟ್ಟುಗಳನ್ನು ಕಾರಿನ ಎರಡು ಬದಿಯಲ್ಲಿ ಅಡಿಗೆ ಸರಿಸಿ, ರಬ್ಬರಿನ ದಿಮ್ಮಿಗಳನ್ನು ತಯಾರಕರು ಗುರುತಿಸಿದ ಜಾಗಕ್ಕೇ ಕೊಟ್ಟು, ಗುಂಡಿ ಒತ್ತಿದರೆ ನಾಲ್ಕೂ ಚಕ್ರಗಳು ನೆಲ ಬಿಟ್ಟು ಸುಮಾರು ಅರ್ಧ ಮೀಟರು ಮೇಲೇಳುತ್ತವೆ. ಕೆಲಸ ಮುಗಿದ ಮೇಲೆ ಗೋಡೆಗೆ ಒರಗಿಸಿಟ್ಟರೆ ಆಯಿತು.

ಇನ್ನು "ಗ್ಯಾರೇಜಿನ ಹುಡುಗರಿಲ್ಲವೇ" ಎಂಬ ಮಾತು.

ಇದ್ದಾರೆ. ಅವರಲ್ಲೊಬ್ಬ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ. ಏಳನೆಯ ತರಗತಿ ಮುಗಿಸಿ, ಮನೆಯ ಕಷ್ಟಕ್ಕೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ. ಬಾಲಕಾರ್ಮಿಕರ ಕಾಯಿದೆ ಬಂದದ್ದು 1986ರಲ್ಲಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದೆಂಬ ತಿದ್ದುಪಡಿ ಬಂದದ್ದು 2016ರಲ್ಲಿ. ಅವನು ಕಾರಿನ ಅಡಿಗೆ ಮಲಗಿದ್ದು ಎರಡಕ್ಕೂ ಮುಂಚೆ, 1984ರ ಆಟಿಯಲ್ಲಿ. ಜಡಿಮಳೆ, ಒದ್ದೆ ಮಣ್ಣಿನ ಅಂಗಳ, ಒಂದು ಜಾಕಿ, ಜಾಕಿಗೆ ಆಸರೆಯಾಗಿ ಒಂದು ಮುರಕಲ್ಲು. ಕಲ್ಲು ಎರಡಾಗಿ ಬಿರಿಯಿತು. ಹುಡುಗ ಬದುಕಿಕೊಂಡ. ಅವನ ಬಲಗೈ ಮಾತ್ರ ಅಂದಿನಿಂದ ಇಂದಿನವರೆಗೆ ಭುಜಕ್ಕಿಂತ ಮೇಲೇಳುವುದಿಲ್ಲ. ಪ್ರತಿ ಬಾರಿ ದಾರಿಯಲ್ಲಿ ಸಿಕ್ಕಾಗಲೂ ಅವನು ಎಡಗೈಯಿಂದಲೇ ನನಗೆ ನಮಸ್ಕಾರ ಮಾಡುತ್ತಾನೆ, ಮತ್ತು ಎಡಗೈ ಎತ್ತಿದ್ದಕ್ಕೆ ಕ್ಷಮೆ ಕೇಳುತ್ತಾನೆ.

ಮುರಕಲ್ಲಿನ ಮೇಲೆ ನನಗೇನೂ ದ್ವೇಷವಿಲ್ಲ. ಈ ಮನೆಯ ಗೋಡೆಗಳೂ ಅದರವೇ. ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಇಟ್ಟಿಗೆಯಂತೆ ಬಳಸಬಹುದೆಂದೇ ಆ ಹೆಸರು. ಸಾಲುಕಟ್ಟಿ ಗಾರೆ ಕೊಟ್ಟು ಏರಿಸಿದ ಗೋಡೆಯಲ್ಲಿ ಅದು ತಲೆಮಾರುಗಳ ಕಾಲ ಭಾರ ಹೊರುತ್ತದೆ. ಆದರೆ ಮೈತುಂಬ ರಂಧ್ರಗಳಿರುವ ಒಂಟಿ ಕಲ್ಲು, ಮಳೆಯ ನೀರು ಕುಡಿದದ್ದು, ಅಂಚಿನ ಒಂದೇ ಬಿಂದುವಿನ ಮೇಲೆ ಕಾರಿನ ಕಬ್ಬಿಣ ಕುಳಿತರೆ ಸುಳಿವು ಕೊಡದೆ ಒಡೆಯುತ್ತದೆ. ಇಂದಿಗೂ ಬೆಳ್ತಂಗಡಿಯಿಂದ ಉಜಿರೆಯ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ ಬದಿಯಲ್ಲಿ ಕೆಟ್ಟುನಿಂತ ಜೀಪುಗಳ ಅಡಿಯಲ್ಲಿ ಅದೇ ಕಲ್ಲು, ಕಲ್ಲಿನ ಪಕ್ಕದಲ್ಲಿ ಎರಡು ಕಾಲುಗಳು ಕಾಣಿಸುತ್ತವೆ.

ಇಲ್ಲಿ ನನ್ನದೂ ಒಂದು ತಪ್ಪುಂಟು. ಪ್ಯಾಸ್ಕಲನ ನಿಯಮವನ್ನು ನಾನು ಎಷ್ಟೋ ತಂಡಗಳಿಗೆ ಪಾಠ ಮಾಡಿದ್ದೇನೆ. ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಆದ್ದರಿಂದ ಸಣ್ಣ ಕೊರಡನ್ನು ಒತ್ತಿದ ಸ್ವಲ್ಪ ಬಲ ದೊಡ್ಡ ಕೊರಡಿನಲ್ಲಿ ಹಲವು ಪಟ್ಟಾಗಿ ಏಳುತ್ತದೆ. ಜೋಸೆಫ್ ಬ್ರಾಮಾ 1795ರಲ್ಲಿ ಇದರಿಂದಲೇ ಒತ್ತುಯಂತ್ರ ಮಾಡಿದ. ಚಿತ್ರ ಬರೆಸಿದೆ, ಅಂಕ ಕೊಟ್ಟೆ. ಆ ಎಣ್ಣೆಯನ್ನು ಹಿಡಿದು ನಿಲ್ಲಿಸುವುದು ಬೆರಳು ಗಾತ್ರದ ಒಂದು ರಬ್ಬರಿನ ಬಳೆ ಎಂದು, ಅದು ಸವೆದರೆ ಕಾರು ನಿಧಾನವಾಗಿಯೋ ಒಮ್ಮೆಲೇ ದೊಪ್ಪೆಂದೋ ಇಳಿಯುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ಜಾಕಿ ಇರುವುದು ಎತ್ತುವುದಕ್ಕೆ, ಹಿಡಿದು ನಿಲ್ಲಿಸುವುದಕ್ಕಲ್ಲ. ಮೂರು ಟನ್ನು ಎಂದು ಅದರ ಮೈಮೇಲೆ ಬರೆದಿದ್ದರೂ ಈ ಮಾತು ಬದಲಾಗುವುದಿಲ್ಲ. ಪಠ್ಯಪುಸ್ತಕದಲ್ಲಿ ಇರಲಿಲ್ಲ ಎಂಬ ಸಬೂಬನ್ನು ಬೇರೆಯವರಿಗೆ ಕೊಡಬಹುದು, ಆ ಎಡಗೈಯ ನಮಸ್ಕಾರಕ್ಕೆ ಕೊಡಲಾಗುವುದಿಲ್ಲ.

ಗುಂಡಿ ತೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಿಂದೆ ದೊಡ್ಡ ಗ್ಯಾರೇಜುಗಳಲ್ಲಿ ಇದ್ದದ್ದು ಗುಂಡಿಯೇ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಈ ಘಟ್ಟದ ತಪ್ಪಲಿನಲ್ಲಿ ಗುಂಡಿ ಜೂನ್ ತಿಂಗಳಿಗೆ ಬಾವಿಯಾಗುತ್ತದೆ. ಬೇಸಗೆಯಲ್ಲಿ ಅಪಾಯ ಇನ್ನೊಂದು: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ಇಳಿದು ಗುಂಡಿಯ ತಳದಲ್ಲಿ ತುಂಬಿಕೊಳ್ಳುತ್ತದೆ, ಕೈದೀಪದ ಒಂದು ಕಿಡಿ ಸಾಕು. ಕಾರನ್ನೇ ಮೇಲೆತ್ತುವ ಯೋಚನೆ ಬಂದದ್ದು ಅಮೇರಿಕದ ಮೆಂಫಿಸ್ ಪಟ್ಟಣದ ಪೀಟರ್ ಲುನಾಟಿ ಎಂಬವನಿಗೆ, 1920ರ ದಶಕದ ನಡುವೆ. ಕ್ಷೌರದಂಗಡಿಯ ಕುರ್ಚಿ ಮೇಲೇಳುವುದನ್ನು ಕಂಡು ಅದು ಹೊಳೆಯಿತಂತೆ. ಕ್ಷೌರಕ್ಕೆ ಕುಳಿತವನನ್ನು ಎತ್ತುವುದು ಶೋಕಿಯಲ್ಲವಾದರೆ, ಇನ್ನೊಬ್ಬನ ಎದೆಯ ಮೇಲಿರುವ ಕಾರನ್ನು ಎತ್ತುವುದು ಹೇಗೆ ಶೋಕಿಯಾದೀತು?

ಇಷ್ಟು ಹೇಳಿದ್ದರಿಂದ ನಾನು ಅಳಿಯನ ಪಕ್ಷ ಎಂದು ಯಾರೂ ಭಾವಿಸಬೇಡಿ. ಅವನೊಡನೆ ನಡೆದ ಜಗಳ ಬಂಧುಗಳೊಡನೆ ನಡೆಯದೆ ಹೋದ ಜಗಳಕ್ಕಿಂತ ದೊಡ್ಡದು.

ಪೆಟ್ಟಿಗೆಗಳು ಬಂದ ದಿನವೇ ಅವನು ಲಿಫ್ಟನ್ನು ಹಟ್ಟಿಯ ಹಳೆಯ ನೆಲದ ಮೇಲೆ ಹಾಸಿದ. ಹಟ್ಟಿಯ ನೆಲ ಎಂದರೆ ಏನು? ಗಂಜಳ ಹರಿದು ಹೊರಗಿನ ಗೊಬ್ಬರದ ಗುಂಡಿ ಸೇರಲೆಂದು ಅಜ್ಜನ ಕಾಲದಲ್ಲಿ ಬೇಕೆಂದೇ ಇಳಿಜಾರಾಗಿ ಮಾಡಿದ್ದು. ಅದರ ಮೇಲೆ ಎರಡು ಇಂಚಿನ ತೆಳು ಗಾರೆ, ಅಡಿಯಲ್ಲಿ ಹೆಗ್ಗಣ ಕೊರೆದ ಮಣ್ಣು. "ಪೋರ್ಟೆಬಲ್ ಅಲ್ವಾ ಮಾವ, ಎಲ್ಲಿಟ್ಟರೂ ಆಗ್ತದೆ" ಎಂದ. ಜೊತೆಗೆ ಬಂದ ಕೈಪಿಡಿಯನ್ನು ಅವನು ಬಿಡಿಸಿಯೇ ಇರಲಿಲ್ಲ. ನಾನು ಕನ್ನಡಕ ಏರಿಸಿ ಓದಿದೆ. ಸಮತಟ್ಟಾದ, ಬಿರುಕಿಲ್ಲದ, ಕನಿಷ್ಠ ನಾಲ್ಕು ಇಂಚು ದಪ್ಪದ ಕಾಂಕ್ರೀಟು ಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಮುದ್ರಿಸಿದ್ದರು. ಎತ್ತಿಕೊಂಡು ಹೋಗಬಹುದು ಎಂದರೆ ಒಂದು ಒಳ್ಳೆಯ ನೆಲದಿಂದ ಇನ್ನೊಂದು ಒಳ್ಳೆಯ ನೆಲಕ್ಕೆ ಎಂದು ಅರ್ಥ!

ಅವನು ಕೇಳಲಿಲ್ಲ. ಪದ್ಮಿನಿಯನ್ನು ಎತ್ತಿದ. ಒಂದು ಗೇಣು ಏರುವುದರೊಳಗೆ ತಗ್ಗಿನ ಬದಿಯ ಚೌಕಟ್ಟಿನ ಅಡಿಯಲ್ಲಿ ಗಾರೆ ಕುಸಿಯಿತು, ಒಂದು ರಬ್ಬರ್ ದಿಮ್ಮಿ ಜಾರಿ ಹೊರಗೆ ಚಿಮ್ಮಿತು, ಕಾರು ಓರೆಯಾಗಿ ನಿಂತಿತು. 900 ಕಿಲೋದ ಹತ್ತಿರದ ಭಾರ. ನಾಲ್ಕು ಮೂಲೆಗೆ ಹಂಚಿದರೂ ಒಂದೊಂದಕ್ಕೆ 200 ಕಿಲೋ ದಾಟುತ್ತದೆ, ಇಂಜಿನ್ನು ಇರುವ ಮುಂಭಾಗಕ್ಕೆ ಇನ್ನೂ ಹೆಚ್ಚು. ಮೇಲಾಗಿ ಈ ಚೌಕಟ್ಟುಗಳು ನೆಟ್ಟಗೆ ಏಳುವುದಿಲ್ಲ, ಕಮಾನಿನ ದಾರಿಯಲ್ಲಿ ಸ್ವಲ್ಪ ಸರಿಯುತ್ತ ಏಳುತ್ತವೆ. ಇಳಿಜಾರು ಆ ಸರಿಯುವಿಕೆಗೆ ಕೈ ಕೊಡುತ್ತದೆ. ಪುಣ್ಯಕ್ಕೆ ಅಡಿಯಲ್ಲಿ ಯಾರೂ ಇರಲಿಲ್ಲ. ಅಳಿಯನ ಮುಖ ಸುಣ್ಣದಂತಾಗಿತ್ತು. ನನ್ನದೂ ಹಾಗೆಯೇ ಇದ್ದಿರಬೇಕು.

ಆಮೇಲೆ ಕೆಲಸ ನಾನು ಹೇಳಿದಂತೆ ನಡೆಯಿತು. ಹಳೆಯ ನೆಲ ಅಗೆಸಿ, ಮಣ್ಣಿಗೆ ನೀರು ಹಾಕಿ ದಿಮ್ಮಸು ಹೊಡೆಸಿ, ಜಲ್ಲಿ ಹಾಸಿ, ಕಬ್ಬಿಣದ ಜಾಲರಿ ಕೊಟ್ಟು ಐದು ಇಂಚು ಕಾಂಕ್ರೀಟು ಹಾಕಿಸಿದೆವು. ಮೇಸ್ತ್ರಿ ವಾಡಿಕೆಯಂತೆ ಬಾಗಿಲ ಕಡೆಗೆ ಸ್ವಲ್ಪ ಓಟ ಕೊಡಲು ಹೊರಟರು. ಬೇಡ, ರಸಮಟ್ಟ ಇಟ್ಟು ಪೂರ್ತಿ ಸಮ ಮಾಡಿ, ಮಳೆಯ ನೀರಿಗೆ ಹೊರಗೇ ಚರಂಡಿ ಮಾಡೋಣ ಎಂದೆ. ಹೀಗೆ ಕೇಳಿದವರು ನೀವೇ ಮೊದಲು ಎಂದರು ಮೇಸ್ತ್ರಿ. ಏಳನೆಯ ದಿನವೇ ಅಳಿಯ ಚಡಪಡಿಸತೊಡಗಿದ. ಕಾಂಕ್ರೀಟಿನ ಬಲವನ್ನು ಅಳೆಯುವುದೇ 28ನೆಯ ದಿನದ ಲೆಕ್ಕದಲ್ಲಿ. ಬೈಹುಲ್ಲು ಹಾಸಿ, ಬೆಳಿಗ್ಗೆ ಸಂಜೆ ನೀರು ಹೊಯ್ದು, 28 ದಿನ ಕಾಯಿಸಿದೆ. ಅವನು ಬೆಂಗಳೂರಿನಿಂದ ದಿನವೂ ಫೋನು ಮಾಡಿ ನೆಲದ ಆರೋಗ್ಯ ವಿಚಾರಿಸುತ್ತಿದ್ದ. ನನ್ನ ಆರೋಗ್ಯವನ್ನು ಅಷ್ಟು ವಿಚಾರಿಸಿದ್ದು ನೆನಪಿಲ್ಲ.

ನೆಲದ ಖರ್ಚು ಅವನಿಗೆ ಚುಚ್ಚಿತು. ಈ ಚುಚ್ಚುವಿಕೆಯೇ ನನ್ನ ತಕರಾರಿನ ಬೇರು. ಕಣ್ಣಿಗೆ ಕಾಣುವ ಯಂತ್ರಕ್ಕೆ ನಾವು ಚೌಕಾಸಿ ಮಾಡದೆ ಹಣ ಸುರಿಯುತ್ತೇವೆ. ಅಡಿಯಲ್ಲಿ ಹೂತುಹೋಗುವ ಜಲ್ಲಿಗೆ ಕೈ ಬಿಗಿಹಿಡಿಯುತ್ತೇವೆ. ತೆಳು ನೆಲದ ಮೇಲಿನ ಲಿಫ್ಟು ಎಂದರೆ ಅದೇ 1984ರ ಜಾಕಿ, ಅದೇ ಮುರಕಲ್ಲು. ಬೆಲೆ ಮಾತ್ರ ಹೆಚ್ಚು, ಬಣ್ಣ ಹೊಸದು.

ಬೆಲೆ ಕೊಟ್ಟು ತಂದ ಕಬ್ಬಿಣವನ್ನೂ ಕಣ್ಣುಮುಚ್ಚಿ ನಂಬಬಾರದು. ಹಾರ್ಬರ್ ಫ್ರೈಟ್ ಎಂಬ ಅಮೇರಿಕದ ಉಪಕರಣ ವ್ಯಾಪಾರ ಸಂಸ್ಥೆ 2020ರಲ್ಲಿ ತಾನು ಮಾರಿದ್ದ ಸುಮಾರು 17 ಲಕ್ಷ ಜಾಕ್ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಯಿತು. ಭಾರ ಹೊತ್ತಾಗ ಅವುಗಳ ಹಲ್ಲು ಕಳಚಿ ಕಾರು ಕುಸಿಯುವ ಸಂಭವವಿತ್ತು. ಬದಲಿಗೆ ಕೊಟ್ಟವುಗಳಲ್ಲಿ ಬೆಸುಗೆಯ ದೋಷ ಕಂಡು ಅದೇ ವರ್ಷ ಅವನ್ನೂ ಕರೆಯಬೇಕಾಯಿತು. ಕಾರ್ಖಾನೆಗಾದರೆ ಪರೀಕ್ಷಿಸಲು ಅಧಿಕಾರಿ ಬರುತ್ತಾನೆ. ಹಟ್ಟಿಗೆ ಯಾರು ಬರುತ್ತಾರೆ? ಆದ್ದರಿಂದ ನಮ್ಮಲ್ಲಿ ಈಗ ಒಂದು ಕ್ರಮವಿದೆ. ಹೊಸ ಕೊಳವೆ ಜೋಡಿಸಿದಾಗ ಕಾರಿಲ್ಲದೆ ಬರಿದೇ ನಾಲ್ಕೈದು ಬಾರಿ ಏರಿಸಿ ಇಳಿಸಿ ಎಣ್ಣೆಯಲ್ಲಿ ಸಿಲುಕಿದ ಗಾಳಿ ಹೊರಡಿಸಬೇಕು. ಗಾಳಿ ಉಳಿದರೆ ಚೌಕಟ್ಟು ಜರ್ಕು ಹೊಡೆಯುತ್ತದೆ. ಕಾರು ಗೇಣುದ್ದ ಎದ್ದಾಗ ನಿಲ್ಲಿಸಿ ಕೈಯಿಂದ ಅಲ್ಲಾಡಿಸಿ ನೋಡಬೇಕು. ರಬ್ಬರ್ ದಿಮ್ಮಿ ಮುಟ್ಟುವ ಜಾಗದ ತಗಡನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ತುಕ್ಕು ತಿಂದಿಲ್ಲವೆಂದು ಖಾತ್ರಿ ಮಾಡಬೇಕು. ನಮ್ಮ ಮಳೆಗೆ ಹಳೆಯ ಕಾರುಗಳು ಮೊದಲು ಕೊಳೆಯುವುದೇ ಅಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಬದಿಯ ಕಬ್ಬಿಣದ ತಡೆಗೋಲು ಬಿದ್ದು, ಭಾರ ಎಣ್ಣೆಯಿಂದ ಕಬ್ಬಿಣಕ್ಕೆ ಇಳಿದದ್ದನ್ನು ಬಗ್ಗಿ ಕಣ್ಣಾರೆ ನೋಡುವವರೆಗೆ ಯಾರ ತಲೆಯೂ ಅಡಿಗೆ ಹೋಗಬಾರದು.

ಈ ತಡೆಗೋಲಿನಿಂದ ಒಮ್ಮೆ ಪಜೀತಿಯೂ ಆಯಿತು. ಅದನ್ನು ಬಿಡಿಸಬೇಕಾದರೆ ಕಾರನ್ನು ಮೊದಲು ಸ್ವಲ್ಪ ಮೇಲೆತ್ತಬೇಕು. ಜುಲೈಯ ಒಂದು ಸಂಜೆ ಕರೆಂಟು ಹೋಯಿತು. ಪದ್ಮಿನಿ ರಾತ್ರಿಯಿಡೀ ಅಂತರಿಕ್ಷದಲ್ಲಿ ಉಳಿಯಿತು, ಅಳಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋದ. 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪಂಪುಗಳೂ ಸಿಗುತ್ತವೆ. ನಮ್ಮ ಊರಿಗೆ ಅದೇ ಲೇಸು ಎಂದು ಈಗ ಅವನೂ ಒಪ್ಪಿದ್ದಾನೆ.

ಎಡಗೈ ನಮಸ್ಕಾರದ ನನ್ನ ಶಿಷ್ಯ ಕಳೆದ ದೀಪಾವಳಿಗೆ ಬಂದಿದ್ದ. ಹಟ್ಟಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಲಿಫ್ಟಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಕುಕ್ಕುರುಗಾಲಿನಲ್ಲಿ ಕುಳಿತು ನೆಲವನ್ನು ಬೆರಳ ಗೆಣ್ಣಿನಿಂದ ಎರಡು ಕಡೆ ಕುಟ್ಟಿ ಕಿವಿಗೊಟ್ಟ. "ಎಷ್ಟು ಇಂಚು ಮಾಷ್ಟ್ರೇ?" ಎಂದ. ಐದು ಎಂದೆ. ತಲೆಯಾಡಿಸಿದ.

ಇನ್ನು ವೀಳ್ಯದ ಹರಿವಾಣದ ಮುಂದೆ ನಗಿಸಿದ ಬಂಧುಗಳು. ಅವರು ಮೊನ್ನೆ ಫೋನು ಮಾಡಿದ್ದರು. ಮಗ ದುಬಾಯಿಯಿಂದ ರಜೆಗೆ ಬಂದಿದ್ದಾನಂತೆ, ಕಾರಿನ ಸೈಲೆನ್ಸರು ತಾನೇ ಬದಲಿಸುತ್ತೇನೆಂದು ಹಟ ಹಿಡಿದಿದ್ದಾನಂತೆ, "ಆ ಮಂಚವನ್ನು ಎರಡು ದಿನದ ಮಟ್ಟಿಗೆ ಪಿಕಪ್ಪಿನಲ್ಲಿ ಒಯ್ಯಬಹುದೇ?" ಅವರ ಪೋರ್ಟಿಕೋ ನನಗೆ ಗೊತ್ತು: ಮರಳಿನ ಮೇಲೆ ಜೋಡಿಸಿದ ಇಂಟರ್‌ಲಾಕು, ಗೇಟಿನ ಕಡೆಗೆ ಒಳ್ಳೆಯ ಓಟ. ಕೊಡುವುದಿಲ್ಲ ಎಂದೆ. ಕಾರನ್ನೇ ಇಲ್ಲಿಗೆ ತರಲಿ, ಹುಡುಗನೂ ಬರಲಿ, ಊಟ ಇಲ್ಲೇ ಮಾಡಲಿ. ಇನ್ನೂ ಬಂದಿಲ್ಲ.