ಆಕಾಶದ ಅಂತರ, ನೆಲದ ಅಂತರ

ನಕಾಶೆಯ ಮೇಲೆ ಫೂಟಪಟ್ಟಿ ಇಟ್ಟು ಅಳೆದರೆ ಸಿಂದಗಿಯಿಂದ ಮುದ್ದೇಬಿಹಾಳ ಸುಮಾರು ೬೫ ಕಿಲೋಮೀಟರು. ತಾಸಿಗೆ ೬೦೦ ಕಿಲೋಮೀಟರು ಹಾರುವ ವಿಮಾನಕ್ಕೆ ಇದು ಆರೇಳು ನಿಮಿಷದ ದಾರಿ. ತಾಳಿಕೋಟೆಯ ಮೇಲೆ ಹಾಯ್ದು ಹೋಗುವ ನೆಲದ ದಾರಿ ೮೦ ಕಿಲೋಮೀಟರನ್ನು ದಾಟುತ್ತದೆ. ಬಸ್ಸು ಎಲ್ಲಿಯೂ ನಿಲ್ಲದೆ ತಾಸಿಗೆ ೪೦ ಕಿಲೋಮೀಟರು ಓಡಿದರೂ ಎರಡು ತಾಸಿಗೆ ಮೇಲೆ. ನಡುವೆ ಬಸ್ಸು ಬದಲಿಸಿ ಕಾಯುವ ಹೊತ್ತನ್ನು ಯಾವ ನಕಾಶೆಯೂ ತೋರಿಸುವುದಿಲ್ಲ.

ಇಂಡಿ ಮತ್ತು ಬಸವನ ಬಾಗೇವಾಡಿಗಳ ನಡುವೆ ನೇರ ಗೆರೆ ಎಳೆದರೆ ೭೦ ಕಿಲೋಮೀಟರಿಗಿಂತ ಕಡಿಮೆ. ವಿಜಯಪುರದ ಮೇಲೆ ಹೋದರೆ ೯೦ ದಾಟುತ್ತದೆ. ಎಲ್ಲ ದಾರಿಗಳೂ ಜಿಲ್ಲೆಯ ಊರಿಗೆ ಸೇರುತ್ತವೆ. ತಾಲೂಕಿನಿಂದ ತಾಲೂಕಿಗೆ ಹೋಗುವವನೇ ಸುತ್ತು ಬಳಸಬೇಕು. ಕಚೇರಿಗೆ ಅನುಕೂಲವಾದ ಈ ವ್ಯವಸ್ಥೆ ಜನರಿಗೆ ಅನುಕೂಲವೆಂದು ಹೇಳಲಾದೀತೇ?

ರೈಲಿನ ಕಥೆಯನ್ನೂ ನೋಡೋಣ. ಸೊಲ್ಲಾಪುರ-ಗದಗ ಮಾರ್ಗದಲ್ಲಿ ಇಂಡಿ ರೋಡ್ ಎಂಬ ನಿಲ್ದಾಣವಿದೆ, ಬಸವನ ಬಾಗೇವಾಡಿ ರೋಡ್ ಎಂಬುದೂ ಇದೆ. ಹೆಸರಿಗೆ ಅಂಟಿದ 'ರೋಡ್' ಎಂಬ ಬಾಲವೇ ಊರು ಇಲ್ಲಿಲ್ಲ, ಇನ್ನೂ ಮುಂದಿದೆ ಎಂದು ಸಾರುತ್ತದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಆ ಬಾಲದ ಭಾಗ್ಯವೂ ಇಲ್ಲ. ಆಲಮಟ್ಟಿ-ಯಾದಗಿರಿ ರೈಲು ಮಾರ್ಗದ ಬೇಡಿಕೆ ಮುದ್ದೇಬಿಹಾಳದವರ ಬಾಯಲ್ಲಿ ಹಳತಾಗಿದೆ.

೨೦೨೧ರಲ್ಲಿ ವಿಜಯಪುರದ ಹತ್ತಿರ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ನಾವು ವಿಮಾನದ ವಿರೋಧಿಗಳಲ್ಲ. ಇಂಡಿಯ ಲಿಂಬೆಯೂ ಜಿಲ್ಲೆಯ ದ್ರಾಕ್ಷಿಯೂ ದೂರದ ಪೇಟೆ ಕಾಣಲಿ. ಆದರೆ ಮುದ್ದೇಬಿಹಾಳದವನು ವಿಮಾನ ಹತ್ತುವ ಮೊದಲು ಬಸ್ಸನ್ನೇ ಹತ್ತಬೇಕು. ಲಿಂಬೆ ಹಾರುವ ಮೊದಲು ತೋಟದಿಂದ ರಸ್ತೆಗೆ ಬರಬೇಕು. ಬೆಂಗಳೂರು ಹತ್ತಿರವಾಗಿ ಪಕ್ಕದ ತಾಲೂಕು ದೂರವೇ ಉಳಿದರೆ ಅದನ್ನು ಪ್ರಗತಿಯೆಂದು ಒಪ್ಪಲು ನಾವು ಸಿದ್ಧರಿಲ್ಲ.

೨೦೨೩ರ ಜೂನ್ ೧೧ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಇದು ಒಳ್ಳೆಯ ಕೆಲಸ. ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಟಿಕೀಟಿನ ದುಡ್ಡು ಉಳಿದರೂ ಹೊತ್ತು ಉಳಿಯಲಿಲ್ಲ. ಕೂಲಿಯವಳಿಗೆ ಹೊತ್ತೇ ದುಡ್ಡು. ತವರಿನಲ್ಲಿ ಮಲಗಿದ ತಾಯಿಯನ್ನು ನೋಡಿ ಸಂಜೆಗೆ ಮರಳಲಾಗದಿದ್ದರೆ ಅವಳಿಗೆ ಹೋಗುವುದು ಒಂದಲ್ಲ, ಎರಡು ದಿನದ ಕೂಲಿ. ಶ್ರೀಮಂತನು ದೂರವನ್ನು ಕಿಲೋಮೀಟರಿನಲ್ಲಿ ಎಣಿಸುತ್ತಾನೆ, ಬಡವನು ಕೂಲಿಯಲ್ಲಿ ಎಣಿಸುತ್ತಾನೆ.

ಮಳೆಗಾಲದಲ್ಲಂತೂ ಲೆಕ್ಕವೇ ತಪ್ಪುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ನಮ್ಮ ಸೀಮೆಯದು. ಅದೇ ಡೋಣಿ ತುಂಬಿ ಬಂದಾಗ ತಾಳಿಕೋಟೆಯ ಕಡೆಯ ತಗ್ಗು ಸೇತುವೆ ಮುಳುಗಿ ದಾರಿ ನಿಲ್ಲುತ್ತದೆ. ಆಗ ಆಚೆ ದಂಡೆಯ ಊರೂ ಪರದೇಶವೇ.

ನಮ್ಮ ಬೇಡಿಕೆಗಳು ಆಕಾಶದವಲ್ಲ, ನೆಲದವು. ನಾಲ್ಕೂ ತಾಲೂಕು ಊರುಗಳ ನಡುವೆ ಬೆಳಿಗ್ಗೆ ಹೋಗಿ ಸಂಜೆ ಮರಳುವಂಥ ನೇರ ಬಸ್ಸುಗಳು ಓಡಬೇಕು. ರೈಲು ಬರುವ ಹೊತ್ತಿಗೆ ಆ ಎರಡು 'ರೋಡ್' ನಿಲ್ದಾಣಗಳ ಮುಂದೆ ಬಸ್ಸು ನಿಂತಿರಬೇಕು. ಡೋಣಿಯ ತಗ್ಗು ಸೇತುವೆಗಳು ಎತ್ತರವಾಗಬೇಕು. ವಿಮಾನ ನಿಲ್ದಾಣಕ್ಕೆ ಹಣ ಹುಡುಕಿದ ಸರಕಾರಕ್ಕೆ ಇಷ್ಟಕ್ಕೆ ಹಣ ಸಿಗದೆಂದರೆ ಯಾರು ನಂಬಬೇಕು? ಮತ ಕೇಳಲು ಬರುವವರಿಗೆ ಓದುಗರು ಇದೊಂದು ಮಾತು ಹೇಳಲಿ: ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಬಸ್ಸಿನಲ್ಲಿಯೇ ಬನ್ನಿರಿ, ಆಮೇಲೆ ಭಾಷಣ ಮಾಡುವಿರಂತೆ.